ನಾನು ಕೇಳದೇ ಇದ್ದ ರಜೆ

ರಜೆಗೆ ಮ್ಯಾನೇಜರ್ ಸಾರ್ ಒಪ್ಪಲಿಲ್ಲ ಎಂದು ನಿನಗೆ ಹೇಳಿದ್ದು ಸುಳ್ಳು, ಪವಿತ್ರ. ನಾನು ಅವರನ್ನು ಕೇಳಿರಲೇ ಇಲ್ಲ.

ನಿನ್ನಪ್ಪನನ್ನು ಮಣ್ಣು ಮಾಡಿದ್ದು ಭಾನುವಾರ. ಮಂಗಳವಾರ ಮಣ್ಣಿನ ಗುಡ್ಡೆಗೆ ಹಾಲು ಬಿಡುವ ಹಾಲು-ತುಪ್ಪಕ್ಕೆ ನೀನು ಬೇಡಿದ್ದು ಒಂದು ಬೆಳಗಿನ ರಜೆ, ಅಷ್ಟೇ. ಆಗ ಕೆರಗೋಡಿನ ಮನೆಯಿಂದ ನೀನು ಫೋನಿನಲ್ಲಿ ಗ್ರಾಹಕರ ದೂರು ಕೇಳುತ್ತಿದ್ದೆ; ಮಳವಳ್ಳಿಯ ನನ್ನ ಮನೆಯಲ್ಲಿ ಕೂತು ನಾನು ನಿಮ್ಮೆಲ್ಲರ ಲೀಡರ್. ನಮ್ಮ ಕಂಪನಿಯ ರೀತಿ ನಿನಗೆ ಗೊತ್ತೇ ಇದೆ — ರಜೆ ಬೇಕಾದವರನ್ನಲ್ಲ, ಅವರ ಪರವಾಗಿ ಕೇಳಿದವರನ್ನು ಬೆಳಗಿನ ಮೀಟಿಂಗಿನಲ್ಲಿ ಆಡಿಕೊಳ್ಳುತ್ತಿದ್ದರು. "ಮೇಡಂ, ನಿಮ್ ಟೀಮಲ್ಲಿ ವಾರಕ್ಕೊಬ್ರು ಸಾಯ್ತಾರಲ್ಲ, ಸ್ಮಶಾನ ನಡೆಸ್ತಿದ್ದೀರಾ?" ಎಂದು ಸಾರ್ ಒಮ್ಮೆ ಎಲ್ಲರನ್ನೂ ನಗಿಸಿದ್ದರು. ಆ ನಗು ಮತ್ತೆ ಬೇಡವೆಂದು... ಅಷ್ಟಕ್ಕೇ.

ಗುಡ್ಡೆಯ ಹತ್ತಿರದಿಂದಲೇ ಫೋನಿನಲ್ಲಿ ವಿಡಿಯೋ ಮೀಟಿಂಗಿಗೆ ಬಾ ಎಂದೆ. ನೀನು ಬಂದೆ. ನಿನ್ನ ಹಿಂದೆ ಕಬ್ಬು, ಹಸಿ ಮಣ್ಣು. ನಿಮ್ಮ ದೊಡ್ಡಮ್ಮನ ದನಿ ನಮಗೆಲ್ಲ ಕೇಳಿಸಿತು:

"ಬಾರವ್ವ, ಅಪ್ಪಂಗೆ ಹಾಲ್ ಬುಡು! ಸತ್ತೋನ್ಗಿಂತ ಆ ಫೋನೇ ಎಚ್ಚಾಯ್ತಾ ನಿಂಗೆ?"

ಯಾರೋ ಕಿಸಕ್ಕೆಂದರು.

"ಮ್ಯೂಟ್ ಮಾಡ್ಕೊ, ಪವಿತ್ರ."

ಹಾಗೆಂದವಳು ನಾನು. ನೀನು ಮಾಡಿಕೊಂಡೆ. ಆಮೇಲೆ ನಿನ್ನ ಬಾಯಿ ತೆರೆದದ್ದು ಕಾಣಿಸಿತು, ಸದ್ದು ಬರಲಿಲ್ಲ. ಮೀಟಿಂಗ್ ಮುಗಿಯುವಷ್ಟರಲ್ಲಿ ಹಾಲಿನ ಚೊಂಬು ಬರಿದಾಗಿತ್ತು, ಜನ ಮನೆ ಕಡೆ ಹೊರಟಿದ್ದರು.

ಕಳೆದ ವಾರ ನನ್ನವ್ವ ಹೋದಳು. ಸಾರಿಗೆ ಮೆಸೇಜು ಹಾಕಿದೆ. "ಹೋಗಿ ಬನ್ನಿ, ಎಷ್ಟು ದಿನ ಬೇಕೋ" — ಫೋನು ಕೆಳಗಿಡುವ ಮುಂಚೆಯೇ ಉತ್ತರ ಬಂತು. ಅಂದು ಕೇಳಿದ್ದರೆ ನಿನಗೂ... ಸಿಗದೆಯೂ ಇರಬಹುದಿತ್ತು. ಆದರೆ ಕೇಳಬೇಕಿತ್ತು.

ನೀನು ಆ ಕೆಲಸ ಬಿಟ್ಟು ಎಷ್ಟೋ ಕಾಲವಾದರೂ, ಎರಡು ಬಸ್ಸು ಬದಲಿಸಿ, ಅವ್ವನ ಹಾಲು-ತುಪ್ಪಕ್ಕೆ ಬಂದೆ. ನನ್ನ ಕೈ ಹಿಡಿದುಕೊಂಡೆ.

"ರಜ ಕೊಟ್ರಾ ಅಕ್ಕ?"

"ಕೊಟ್ರು."

"ಸದ್ಯ ಬುಡಿ. ನಿಮ್ಗಾದ್ರೂ ಕೊಟ್ನಲ್ಲ ಆ ಕಟುಕ."

ನಾನು ತಲೆಯಾಡಿಸಿದೆ, ಪವಿತ್ರ. ಅವ್ವನ ಗುಡ್ಡೆಯ ಮುಂದೆ ನಿಂತು, ಕಟುಕ ಅವನೇ ಎಂದು ತಲೆಯಾಡಿಸಿದೆ. ನಿನ್ನಪ್ಪನಿಗೆ ಹಾಲು ಬಿಡಲಾಗದ ಕೈಯಿಂದ ನೀನು ನನ್ನವ್ವನಿಗೆ ಹಾಲು ಬಿಟ್ಟೆ. ನಾನು ನೋಡುತ್ತಾ ನಿಂತಿದ್ದೆ.

ತಿಥಿ ಮುಗಿದ ಮೇಲೆ ಕೆರಗೋಡಿಗೆ ಬರುತ್ತೇನೆ. ಇದನ್ನು ಬಾಯಿಬಿಟ್ಟು ಹೇಳುತ್ತೇನೆ, ನಿಮ್ಮ ದೊಡ್ಡಮ್ಮನ ಎದುರಿಗೇ. ಹೊಸಿಲಾಚೆ ನಿಂತೇ ಹೇಳುತ್ತೇನೆ — ಪೂರ್ತಿ ಕೇಳುವ ತನಕ ಒಳಗೆ ಕರೆಯಬೇಡ.