ಬಾಗಿಲಾಚೆಯ ಇಂಗ್ಲಿಷು

ನನ್ನ ಗಂಡ ತಿರುಮಕೂಡಲು ನರಸೀಪುರದ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದರು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನನ್ನ ಓರಗಿತ್ತಿಯರು ಬುದ್ಧಿ ಹೇಳುತ್ತಾರೆ. ಅವರ ಪುಣ್ಯ, ಅವರ ಗಂಡಂದಿರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಸಂಜೆಯಾದರೆ ನಾಲ್ಕಾರು ಹುಡುಗರು ಪಾಠಕ್ಕೆಂದು ನಮ್ಮ ಮನೆ ಜಗಲಿಗೆ ಬರುತ್ತಿದ್ದರು. ನಾನು ನಡುಮನೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ. "ಮ್ಯಾನ್ ಅಂದ್ಬಿಟ್ರೆ ಆಯ್ತೇನೋ? ಎಂಥ ಮ್ಯಾನು?" ಎಂದು ಇವರು ಗದರುವರು. "ಓಲ್ಡ್ ಮ್ಯಾನ್, ಸಾ." "ಏನ್ ಮಾಡ್ತಾನೆ?" "ವಾಕ್ಸ್, ಸಾ." "ಹೇಗೆ?" "ಸ್ಲೋಲಿ, ಸಾ." ಹೆಸರಿಗಿಂತ ಮೊದಲು ಗುಣವಾಚಕ, ಹೆಸರಾದ ಮೇಲೆ ಕ್ರಿಯಾಪದ, ಅದರ ಬೆನ್ನಿಗೆ ಕ್ರಿಯಾವಿಶೇಷಣ. ಮುದುಕ ನಿಧಾನವಾಗಿ ನಡೆಯುತ್ತಾನೆ ಎಂದು ನಾವು ನಡೆಯುವುದನ್ನು ಕೊನೆಗೆ ಇಡುತ್ತೇವೆ. ಇಂಗ್ಲಿಷಿನವರಿಗೆ ಅಷ್ಟು ತಾಳ್ಮೆಯಿಲ್ಲ. ಮೊದಲು ನಡೆಸಿಬಿಡುತ್ತಾರೆ, ಹೇಗೆ ನಡೆದ ಎನ್ನುವುದನ್ನು ಆಮೇಲೆ ನಿಧಾನಕ್ಕೆ ಹೇಳುತ್ತಾರೆ. ನನಗೆ ಅದು ತುಂಬ ಹಿಡಿಸಿತು.

ಒಲೆಯ ಮುಂದೆ ಒಬ್ಬಳೇ ಇದ್ದಾಗ ನಾನೂ ಜೋಡಿಸುತ್ತಿದ್ದೆ. ಹಾಟ್ ಮಿಲ್ಕ್ ಬಾಯಿಲ್ಸ್ ಕ್ವಿಕ್ಲಿ. ಬ್ಲ್ಯಾಕ್ ಕ್ಯಾಟ್ ಕಮ್ಸ್ ಸ್ಲೋಲಿ. ಒಂದು ದಿನ ಧೈರ್ಯ ಮಾಡಿ, ಊಟಕ್ಕೆ ಕೂತ ಇವರ ಮುಂದೆ ಹಾಲಿನ ವಾಕ್ಯವನ್ನು ಹೇಳಿದೆ. ನಗುತ್ತಾರೆ, ಇಲ್ಲವೇ ಭೇಷ್ ಅನ್ನುತ್ತಾರೆ ಎಂದು ಆಸೆಪಟ್ಟಿದ್ದೆ. "ಮೊದಲಲ್ಲಿ 'ದಿ' ಎಲ್ಲಿ ಹೋಯ್ತು?" ಎಂದು ಕೇಳಿ ಸಾರನ್ನಕ್ಕೆ ಕೈ ಹಾಕಿದರು. ಅಷ್ಟೇ.

ಇವರದೊಂದು ಕಟ್ಟುನಿಟ್ಟು ಇತ್ತು. ತಪ್ಪು ಇಂಗ್ಲಿಷ್ ಆಡುವುದಕ್ಕಿಂತ ಬಾಯಿ ಮುಚ್ಚಿಕೊಂಡಿರುವುದು ಮೇಲು. ವಾಕ್ಯದ ನಡುವೆ ಎಡವಿದ ಹುಡುಗ ಮತ್ತೆ ಮೊದಲ ಪದದಿಂದ ಶುರು ಮಾಡಬೇಕು. ಅರ್ಧದಿಂದ ಮುಂದುವರಿಯುವ ಹಾಗಿಲ್ಲ. ತಮಗೂ ಅದೇ ಕಟ್ಟಳೆ ಹಾಕಿಕೊಂಡಿದ್ದರು. ಊರಿನವರು ಇದನ್ನು ದೊಡ್ಡ ಪಾಂಡಿತ್ಯ ಎಂದುಕೊಂಡಿದ್ದರು. ನಾನೂ ಅಂದುಕೊಂಡಿದ್ದೆ.

ಚೊಚ್ಚಲ ಬಸಿರಿಗೆ ತವರಿಗೆ ಬಂದೆ. ನನ್ನ ತವರು ನಂಜನಗೂಡು. ನೋವು ಶುರುವಾಗಿ ಒಂದು ಹಗಲು, ಒಂದು ರಾತ್ರಿ ಕಳೆದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಕೈ ಚೆಲ್ಲಿದಳು. ನರಸೀಪುರದಿಂದ ಗಾಡಿ ಕಟ್ಟಿಸಿಕೊಂಡು ಇವರು ಬಂದರು. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಅಪ್ಪ ಮೈಸೂರಿನಿಂದ ರೈಲಿನಲ್ಲಿ ಒಬ್ಬ ದೊರೆಸಾನಿ ಡಾಕ್ಟರನ್ನು ಕರೆತಂದರು. ಅವಳು ಇಂಗ್ಲಿಷರ ಸೀಮೆಯಿಂದ ಹೊಸದಾಗಿ ಬಂದವಳು, ಕನ್ನಡದ ಗಂಧವಿಲ್ಲ. ಅವಳ ಮಾತನ್ನು ಕನ್ನಡದಲ್ಲಿ ಹೇಳಬೇಕಿದ್ದ ನರ್ಸು ಜ್ವರ ಬಂದು ಮಲಗಿದ್ದಳಂತೆ. "ಅದಕ್ಯಾಕೆ ಯೋಚ್ನೆ, ನಮ್ಮಳಿಯಂದ್ರು ಇಲ್ವಾ!" ಎಂದು ಅಪ್ಪ ಹೆಮ್ಮೆಯಿಂದ ಅಂದದ್ದು ನನಗೆ ಒಳಕ್ಕೆ ಕೇಳಿಸಿತು.

ಹೆರಿಗೆಯ ಕೋಣೆಗೆ ಗಂಡಸು ಕಾಲಿಡುವಂತಿಲ್ಲ. ಡಾಕ್ಟರು ಒಳಗೆ ಬಂದಳು, ಬಾಗಿಲು ಮುಚ್ಚಿದರು, ಇವರು ಆಚೆ ನಿಂತರು. ಮಾತು ಬಾಗಿಲು ದಾಟಿ ಹೋಗಬೇಕು, ಬಾಗಿಲು ದಾಟಿ ಬರಬೇಕು. ಅವಳು ನನ್ನ ನಾಡಿ ಹಿಡಿದುಕೊಂಡು ಕೂಗಿ ಏನೋ ಕೇಳಿದಳು. ಇವರು ಆಚೆಯಿಂದ ಕನ್ನಡ ಮಾಡಿದರು: "ಕೂಸು ಹೊಟ್ಟೆಯಲ್ಲಿ ಆಡ್ತಿದೆಯಾ ಅಂತ ಕೇಳ್ತಾರೆ."

ನನ್ನ ಅವ್ವ ಅಳಿಯನೊಡನೆ ನೇರವಾಗಿ ಮಾತಾಡಿದವಳೇ ಅಲ್ಲ. ಅವತ್ತು ಬಾಗಿಲಿಗೆ ಬಾಯಿಟ್ಟು ಅಂದಳು: "ಬೆಳಿಗ್ಗೆ ತಕ ಆಡ್ತಿತ್ತು. ಈಗ ಅಲ್ಲಾಡ್ತಾನೇ ಇಲ್ಲ ಅಂತ ಏಳ್ಬೇಕಂತೆ. ಬಿರ್ರನೆ ಏಳ್ಬೇಕಂತೆ."

ಇವರು ಗಂಟಲು ಸರಿಮಾಡಿಕೊಂಡರು. ಆ ಸದ್ದು ನನಗೆ ಈಗಲೂ ಕೇಳುತ್ತದೆ. "ದಿ ಚೈಲ್ಡ್..." ಎಂದರು. ನಿಲ್ಲಿಸಿದರು. "ದಿ ಅನ್‌ಬಾರ್ನ್ ಚೈಲ್ಡ್..." ಮತ್ತೆ ನಿಂತರು. ಗುಣವಾಚಕ ಸಿಕ್ಕಿತು, ಇನ್ನು ಕ್ರಿಯಾಪದ ಹುಡುಕಬೇಕು. "ದಿ ಅನ್‌ಬಾರ್ನ್ ಚೈಲ್ಡ್ ವಾಸ್..." ಎಂದು ಎಡವಿದರು. ಎಡವಿದ ಮೇಲೆ ಮೊದಲಿಂದ ಶುರು ಮಾಡಬೇಕಲ್ಲ, ಶುರು ಮಾಡಿದರು. ಇತ್ತ ನನ್ನ ಸೊಂಟ ಸೀಳಿಹೋಗುತ್ತಿದೆ. "ವಾಟ್? ವಾಟ್? ಟೆಲ್ ಮಿ ಕ್ವಿಕ್!" ಎಂದು ಡಾಕ್ಟರು ಅರಚಿದಳು. ಆಗ ಬಾಗಿಲಾಚೆಯಿಂದ ಇವರ ಧ್ವನಿ, ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡಂತೆ ಬಂತು: "ಕ್ವಿಕ್ಲಿ."

ಅವಳನ್ನು ತಿದ್ದುತ್ತಿದ್ದರು! ಅವಳ ತಾಯಿನುಡಿಯನ್ನು ಅವಳಿಗೇ ತಿದ್ದುತ್ತಿದ್ದರು! ನನ್ನ ಹೊಟ್ಟೆಯಲ್ಲಿ ಅವರದೇ ಕೂಸು ಸುಮ್ಮನಾಗಿ ಬಿದ್ದಿದೆ, ಈ ಮನುಷ್ಯನಿಗೆ ಕ್ರಿಯಾವಿಶೇಷಣದ ಚಿಂತೆ. ಅಷ್ಟು ನೋವಿನಲ್ಲೂ ನನಗೆ ಬಂದದ್ದು ಅಳುವಲ್ಲ, ಕೋಪ. ಮೈಯಲ್ಲಿ ಉಳಿದಿದ್ದ ಶಕ್ತಿಯನ್ನೆಲ್ಲ ಬಾಯಿಗೆ ತಂದುಕೊಂಡು ಕಿರುಚಿದೆ: "ಬೇಬಿ ನೋ ಮೂವ್! ಬೇಬಿ ನೋ ಮೂವ್!"

ಒಲೆಯ ಮುಂದೆ ಕಲಿತ 'ಸ್ಲೋಲಿ', 'ಕ್ವಿಕ್ಲಿ' ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟೇ. ಡಾಕ್ಟರು ಒಂದು ಗಳಿಗೆ ನನ್ನ ಮುಖ ನೋಡಿದಳು. ಮರುಕ್ಷಣ ಹೊಟ್ಟೆಗೆ ಕಿವಿಯಿಟ್ಟಳು, ಪೆಟ್ಟಿಗೆ ತೆರೆದಳು, ಇಕ್ಕಳ ತೆಗೆದಳು. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಹೆಣ್ಣು ಕೂಸು ನೀಲಿಗಟ್ಟಿಕೊಂಡು ಹುಟ್ಟಿತಂತೆ. ಕಾಲು ಹಿಡಿದು ಬೆನ್ನು ತಟ್ಟಿದ ಮೇಲೆ ಅತ್ತಿತಂತೆ. ಇನ್ನು ಸ್ವಲ್ಪ ಹೊತ್ತು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಕೈಸನ್ನೆಯಲ್ಲಿ ಅವ್ವನಿಗೆ ತಿಳಿಸಿದಳು.

ನನಗೆ ಎಚ್ಚರವಾದಾಗ ಅವ್ವ ಮೊದಲು ಅಂದದ್ದು, "ಗಂಡ ಆಚೆ ನಿಂತವ್ರೆ ಅನ್ನೋದ್ನೂ ನೋಡ್ದೆ ಅಂಗೆ ಕಿರುಚ್ದಲ್ಲೇ" ಎಂದು. ಜಗಲಿಯಲ್ಲಿ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು: "ಅಳಿಯಂದ್ರು ಇದ್ದುದ್ದಕ್ಕೆ ಆಯ್ತು ಕಣ್ರೀ. ಇಂಗ್ಲಿಷ್ನಾಗೆ ಎಲ್ಲಾನೂ ಬಿಡ್ಸಿ ಏಳುದ್ರು." ಇವರು ಅಲ್ಲೇ ಕೂತಿದ್ದರು. ಇಲ್ಲ ಮಾವ, ನಾನು ಹೇಳಲಿಲ್ಲ ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ. ಅದನ್ನು ಹೇಳಲು ಇಂಗ್ಲಿಷ್ ಕೂಡ ಬೇಕಿರಲಿಲ್ಲ.

ಐದನೆಯ ತಿಂಗಳಿಗೆ ಕೂಸನ್ನು ಕಟ್ಟಿಕೊಂಡು ನರಸೀಪುರಕ್ಕೆ ಬಂದೆ. ಮನಸ್ಸನ್ನು ಒಂದಿಷ್ಟು ತಣ್ಣಗೆ ಮಾಡಿಕೊಂಡೇ ಬಂದಿದ್ದೆ. ಎರಡೋ ಮೂರೋ ಸಂಜೆ ಕಳೆದಿರಬೇಕು. ಒಳಗೆ ಒಲೆಯ ಮೇಲೆ ಹಾಲಿಟ್ಟು, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಜಗಲಿಯಲ್ಲಿ ಇವರು ಹುಡುಗರಿಗೆ ಹೇಳಿದರು: "ಒಂದು ತಪ್ಪು ವಾಕ್ಯ ಕೊಡ್ತೀನಿ, ತಿದ್ದಿ. ಒಬ್ಬ ಹೆಂಗಸು ಹೀಗಂದಳು. ಬೇಬಿ ನೋ ಮೂವ್."

ಹುಡುಗರು ಗೊಳ್ಳೆಂದು ನಕ್ಕರು. ಇವರೂ ನಕ್ಕರು. ನನ್ನ ಕೈ ಮಗಳ ತಲೆಯ ಮೇಲೆ ಹಾಗೇ ನಿಂತಿತು. ಆಮೇಲೆ ತಿದ್ದುಪಡಿ ಶುರುವಾಯಿತು. ಕ್ರಿಯಾಪದ ಹೇಗಿರಬೇಕು, ಎಷ್ಟರಮಟ್ಟಿಗೆ ಅನ್ನುವುದನ್ನು ಎಲ್ಲಿ ಹಾಕಬೇಕು ಎಂದೆಲ್ಲ ಕೇಳಿ, ಕೊನೆಗೆ ಸರಿಯಾದ ವಾಕ್ಯವನ್ನು ಎಲ್ಲರ ಬಾಯಲ್ಲಿ ಒಟ್ಟಿಗೆ ಹೇಳಿಸಿದರು. "ದಿ ಬೇಬಿ ಈಸ್ ನಾಟ್ ಮೂವಿಂಗ್ ಅಟ್ ಆಲ್." ಇನ್ನೊಮ್ಮೆ. "ದಿ ಬೇಬಿ ಈಸ್ ನಾಟ್ ಮೂವಿಂಗ್ ಅಟ್ ಆಲ್." ಕೂಸು ಅಲುಗಾಡುತ್ತಿಲ್ಲ, ಕೂಸು ಒಂದಿಷ್ಟೂ ಅಲುಗಾಡುತ್ತಿಲ್ಲ ಎಂದು ದೀಪ ಹಚ್ಚುವ ಹೊತ್ತಿನಲ್ಲಿ ನನ್ನ ಮನೆಯ ಜಗಲಿಯಲ್ಲಿ ಕೂತು ಮಗ್ಗಿಯ ಹಾಗೆ ಕೂಗುತ್ತಿದ್ದಾರೆ. ವಾಕ್ಯದಲ್ಲಿ ಒಂದು ತಪ್ಪಿಲ್ಲ.

ಆಗಿನ ಕಾಲದಲ್ಲಿ ಮೇಷ್ಟರ ಹೆಂಡತಿ ಪಾಠದ ಹೊತ್ತಿನಲ್ಲಿ ಜಗಲಿಗೆ ಬರುವಂತಿರಲಿಲ್ಲ. ಹೆತ್ತ ಅಪ್ಪ ನಾಲ್ಕು ಜನರ ಮುಂದೆ ತನ್ನ ಕೂಸನ್ನು ಎತ್ತಿಕೊಳ್ಳುವಂತೆಯೂ ಇರಲಿಲ್ಲ, ಅದು ನಾಚಿಕೆಗೇಡು. ಇವರಂತೂ ಮಗಳನ್ನು ಅಲ್ಲಿಯವರೆಗೆ ಮುಟ್ಟಿಯೇ ಇರಲಿಲ್ಲ. ನಾನು ಎದ್ದೆ, ಸೀದಾ ಹೊರಗೆ ಬಂದೆ, ಮಗಳನ್ನು ಇವರ ತೊಡೆಯ ಮೇಲೆ ಇಟ್ಟೆ.

"ಅಂಗಂದ ಎಂಗಸು ನಾನೇ ಕಣ್ರಪ್ಪ" ಎಂದೆ. "ಇದೇ ಆ ಕೂಸು."

ಮಗಳು ಕೈಕಾಲು ಬಡಿಯುತ್ತಿದ್ದಳು. ಇವರ ಮುಖ ಕೆಂಪಗಾಯಿತು. ನನ್ನನ್ನು ನೋಡದೆ, "ತಗೊಂಡು ಒಳಕ್ಕೆ ಹೋಗು" ಎಂದರು.

"ಒಲೆ ಮೇಲೆ ಆಲು ಉಕ್ತಾ ಅದೆ. ನೀವೇ ಎತ್ಕೊಂಡಿರಿ."

ಹುಡುಗರೆಲ್ಲ ನೆಲ ನೋಡುತ್ತ ಕೂತಿದ್ದರು. ಕೂಸು ಜಾರತೊಡಗಿತು. ಇವರು ಎರಡು ಕೈಯನ್ನೂ ಮುಂದೆ ಚಾಚಿದರು, ಎಲ್ಲಿ ಹಿಡಿಯಬೇಕೋ ತಿಳಿಯದೆ ಹಿಂದಕ್ಕೆ ತಂದರು, ಮತ್ತೆ ಚಾಚಿದರು. ಕಂಕುಳಿಗೆ ಕೈ ಕೊಟ್ಟು ಎತ್ತಿ ಎಂಬ ಮಾತು ನನ್ನ ನಾಲಗೆ ತುದಿಗೆ ಬಂದಿತ್ತು. ಹೇಳದೆ ಒಳಗೆ ಹೋದೆ.