ಮಸುಕು ಮಾಡಿದ ಮುಖ

ಇಂಟರ್ನೆಟ್ಟಿಗೆ ವಿಡಿಯೋ ಹಾಕುವುದು ಆಗಿನ್ನೂ ಹೊಸದು. ಇಂದಿರಾನಗರದ ಕಡೆಯ ಕಾಲೇಜೊಂದರಲ್ಲಿ ನಾನು ಡಿಜಿಟಲ್ ಮಾಧ್ಯಮ ಮತ್ತು ಜನಹೋರಾಟದ ಪಾಠ ಮಾಡುತ್ತಿದ್ದೆ. ನನ್ನ ಸಂಶೋಧನೆಯೂ ಅದರ ಮೇಲೆಯೇ. ಒಂದು ಬೇಸಿಗೆಯಲ್ಲಿ, ಮಾರ್ಕ್ಸಿಗಾಗಿ ವಿಡಿಯೋ ಮಾಡಬೇಕಿದ್ದ ವಿದ್ಯಾರ್ಥಿಗಳನ್ನು ಕಗ್ಗದಾಸಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಒಂದು ಗಲ್ಲಿಯ ಬಾಡಿಗೆ ರೂಮುಗಳಿಗೆಲ್ಲ ಒಬ್ಬರೇ ಓನರ್. ಬೋರ್‌ವೆಲ್ಲಿನಲ್ಲಿ ನೀರಿದ್ದರೂ ಬಾಡಿಗೆದಾರರಿಗೆ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಬಿಟ್ಟು, ಉಳಿದದ್ದನ್ನು ಟ್ಯಾಂಕರಿಗೆ ತುಂಬಿಸಿ ಮಾರುತ್ತಿದ್ದರು.

ಕ್ಯಾಮೆರಾ ಕಂಡು ಹೆಂಗಸರೆಲ್ಲ ಒಳಗೆ ಸರಿದರು. ಒಬ್ಬಾಕೆ ಮಾತ್ರ ನಿಂತರು. ಕಲಬುರಗಿ ಕಡೆಯವರು, ದೊಡ್ಡನೆಕ್ಕುಂದಿಯ ಒಂದು ಆಫೀಸಿನಲ್ಲಿ ನೆಲ ಒರೆಸುವ ಕೆಲಸ. ಸೆರಗು ಸರಿಮಾಡಿಕೊಂಡು, ಓನರ್ ಮಾಡುವುದನ್ನೆಲ್ಲ ತಡವರಿಸದೆ ಹೇಳಿದರು. ಆಕೆಗೆ ತೊಂದರೆಯಾಗಬಾರದೆಂದು ನಾನು ವಿಡಿಯೋದಲ್ಲಿ ಮುಖ ಮಸುಕು ಮಾಡಿಸಿದೆ. ತರಗತಿಯಲ್ಲಿ ನಾನೇ ಹೇಳಿಕೊಡುತ್ತಿದ್ದ ನಿಯಮ ಅದು. ಆಕೆಯನ್ನೊಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ.

ಭಾನುವಾರ, ಮಾರ್ಕೆಟ್ ಹತ್ತಿರದ ಸೈಬರ್ ಸೆಂಟರಿಗೆ ಆಕೆಯನ್ನು ಕರೆಸಿ ತೋರಿಸಿದೆವು. ಅಕ್ಕಪಕ್ಕದ ಹೆಂಗಸರನ್ನೂ ಕರೆತಂದಿದ್ದರು. ವಿಡಿಯೋ ಮುಗಿಯಿತು. ಆಕೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನನ್ನ ಮಾರಿ ಯಾಕ ಅಳಿಸೀರಿ ಮೇಡಂ? ಟೀವಿಯಾಗ ಕಳ್ಳರ ಮಾರಿ ಹಿಂಗ ಮಾಡ್ತಾರ. ನಾ ಏನ್ ಕದ್ದೀನ್ರಿ?"

ಬಂದಿದ್ದ ಹೆಂಗಸರು ನೆಲ ನೋಡುತ್ತಿದ್ದರು. ನಾನು ಓನರ್ ವಿಷಯ ಹೇಳಿದೆ, ರೂಮು ಬಿಡಿಸಬಹುದು ಎಂದೂ ಹೇಳಿದೆ. ಆದರೆ ನಾಚಿಕೆಯಿಂದ ಗಡಿಬಿಡಿಯಲ್ಲಿ ಹೇಳಿದ ಆ ಮಾತು ಆಕೆಗೆ ಎಷ್ಟು ಮುಟ್ಟಿತೋ ನನಗೆ ಇಂದಿಗೂ ಗೊತ್ತಿಲ್ಲ. ತನ್ನ ಮುಖ ಕಾಣಬೇಕು ಎಂದರು ಆಕೆ. ಮರುವಾರ ಮಸುಕು ತೆಗೆದು ಇಂಟರ್ನೆಟ್ಟಿಗೆ ಹಾಕಿದೆವು.

ವಿಡಿಯೋ ನಾವು ಎಣಿಸಿದ್ದಕ್ಕಿಂತ ಹೆಚ್ಚು ಓಡಾಡಿತು. ಪತ್ರಿಕೆಯವರು ಗಲ್ಲಿಗೆ ಬಂದರು. ಓನರ್ ಸಂಜೆಯೂ ನೀರು ಬಿಡತೊಡಗಿದರು. ನಮ್ಮ ಹುಡುಗರು ಗೆದ್ದೆವೆಂದು ಕ್ಯಾಂಟೀನಿನಲ್ಲಿ ಕುಣಿದರು. ನಾನು ಆ ಗೆಲುವಿನ ಮೇಲೊಂದು ಸಂಶೋಧನಾ ಪ್ರಬಂಧ ಬರೆಯಲು ಕೂತೆ. ಓನರ್ ಆಕೆಯಿಂದ ರೂಮು ಬಿಡಿಸಿದ್ದಾರೆಂದು ತಿಳಿದದ್ದು ಅದನ್ನು ಜರ್ನಲ್ಲಿಗೆ ಕಳಿಸಿಯಾದ ಮೇಲೆ, ಒಬ್ಬ ವಿದ್ಯಾರ್ಥಿನಿ ಬಂದು ಹೇಳಿದಾಗ.

ದೊಡ್ಡನೆಕ್ಕುಂದಿಗೆ ಆಕೆಯನ್ನು ಹುಡುಕಿಕೊಂಡು ಹೋದೆ. ಶೀಟಿನ ರೂಮು, ಒಳಗೆ ಕಾದ ಹೆಂಚಿನ ಹಾಗೆ ಸೆಕೆ. ನಲ್ಲಿ ರಸ್ತೆಯಾಚೆ. ಆಕೆ ಚಹಾ ಕಾಯಿಸಿದರು, ಆಫೀಸು ಇಲ್ಲಿಂದ ಹತ್ತಿರವಾಯಿತು ಎಂದರು. ನನ್ನಿಂದಾಗಿ ಹೀಗಾಯಿತು ಎನ್ನಲು ಬಾಯಿ ತೆರೆದೆ, ಆಕೆ ಲೋಟ ಮುಂದಿಟ್ಟರು. ವಿಡಿಯೋ ತೆಗೆದುಬಿಡಲೇ ಎಂದು ಕೇಳಿದೆ.

"ಬ್ಯಾಡ್ರಿ. ನಾ ಅಂದಿದ್ದು ಖರೇನ ಅದ. ಇರ್ಲಿ."

ಬಸ್‌ಸ್ಟಾಪಿನ ತನಕ ಜೊತೆಗೆ ಬಂದರು. ಹಳೇ ಗಲ್ಲಿಯಲ್ಲಿ ಈಗ ಸಂಜೆ ಬಟ್ಟೆ ಒಗೀತಾರಂತೆ ಎಂದು ಖುಷಿಯಿಂದ ಹೇಳಿದರು. ಬಸ್ಸು ಬರುವುದು ಕಂಡಾಗ ಕೇಳಿದರು, "ಹುಡುಗರಿಗೆ ಮಾರ್ಕ್ಸ್ ಛಲೋ ಬಂದವೇನ್ರಿ?"

ಬಂದಿವೆ ಎಂದೆ. ನನ್ನ ಪ್ರಬಂಧದ ವಿಷಯ ಆಕೆಗೆ ಹೇಳಲಾಗಲಿಲ್ಲ.