ಟಾರ್ಚ್ ಹಿಡಿದು ಮನೆ ತೋರಿಸಿದವರು

ಕಳೆದ ವರ್ಷ ಯುಗಾದಿಯ ಮರುದಿನ, ನಾಸಿಕ್ ರೋಡಿನ ನಮ್ಮ ಕಟ್ಟಡದ ಮೂರನೇ ಮಹಡಿಯ ಮನೆ ಮಾರಾಟಕ್ಕೆ ಬಂತು. ಮನೆಯ ಯಜಮಾನರು ಬೀದರ್ ಕಡೆಯವರು, ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡಿ ನಿವೃತ್ತರಾದವರು. ಮಗಳ ಹೆರಿಗೆಗೆ ಮೊದಲು ಮನೆ ಮಾರಿ, ಅವಳಿರುವ ಛತ್ರಪತಿ ಸಂಭಾಜಿನಗರ ಸೇರಬೇಕೆಂದು ಅವರ ಹೆಂಡತಿ ಹಟ ಹಿಡಿದಿದ್ದರು.

ಮನೆ ಕೊಳ್ಳುವವರು ಕಡಿಮೆಯಾಗಿದ್ದ ಕಾಲ. ಅಪರೂಪಕ್ಕೆ ಯಾರಾದರೂ ಬಂದರೆ ಕೂರಿಸುವ ಮೊದಲೇ ಇವರು ಟಾರ್ಚ್ ಹಿಡಿದು ಬಚ್ಚಲಿಗೆ ಕರೆದೊಯ್ಯುತ್ತಿದ್ದರು.

"ಮೊದಲ ಐಬು ನೋಡ್ರಿ, ಆಮ್ಯಾಲ ಮನಿ ನೋಡ್ರಿ."

ಗೋಡೆಯ ತೇವ, ಬಾಲ್ಕನಿಯ ಬಿರುಕು, ಬಾಗಿಲಿನ ಗೆದ್ದಲು, ಪ್ರತಿಯೊಂದರ ಪಕ್ಕದಲ್ಲೂ ಅದು ಕಂಡ ತಾರೀಖನ್ನು ಪೆನ್ಸಿಲಿನಲ್ಲಿ ಬರೆದಿದ್ದರು. ಬಂದವರು ಚಹಾ ಕುಡಿಯದೆ ಇಳಿದು ಹೋಗುತ್ತಿದ್ದರು.

"ಮನಿ ಮಾರ್ಲಾಕತ್ತೀರೋ, ಬಂದೋರಿಗಿ ಅಂಜಸ್ಲಾಕತ್ತೀರೋ?" ಎಂದು ಹೆಂಡತಿ ಕೇಳಿದರು.

"ವಿಮಾನದಾಗ ಐಬು ಮುಚ್ಚಿಟ್ಟಿಲ್ಲ. ಮನ್ಯಾಗ ಮುಚ್ಚಿಡ್ಲೇನು?"

"ನಿಮ್ಮ ಮನಿ ಏನು ಹಾರ್ತದರಿ?"

ಆಷಾಢದಲ್ಲಿ ಸಟಾಣಾ ಕಡೆಯ ಶಿಕ್ಷಕಿಯೊಬ್ಬರು ಬಂದರು. ಗುರುತುಗಳನ್ನೆಲ್ಲ ಓದಿ, ತಾವು ನೋಡಿಟ್ಟಿರುವ ಬೇರೆ ಮನೆಗಳಿಗೂ ಟಾರ್ಚ್ ಹಿಡಿದು ತಮ್ಮ ಜೊತೆ ಬರುತ್ತೀರಾ ಎಂದು ಮರಾಠಿಯಲ್ಲಿ ಕೇಳಿದರು. ಇವರು ಖುಷಿಯಿಂದ ಒಪ್ಪಿದರು. ಹೆಂಡತಿ ಎರಡು ದಿನ ಗಂಡನೊಂದಿಗೆ ಮಾತು ಬಿಟ್ಟರು.

ನಾಲ್ಕು ಭಾನುವಾರ ನಾಲ್ಕು ಮನೆಗಳ ತಪಾಸಣೆ ನಡೆಯಿತು. ಒಂದೂ ಪಾಸಾಗಲಿಲ್ಲ. ಐದನೆಯ ಭಾನುವಾರ ಶಿಕ್ಷಕಿ ಮುಂಗಡದ ಚೆಕ್ ತಂದು ಹೆಂಡತಿಯ ಕೈಗೆ ಕೊಟ್ಟರು. ಈ ಮನೆಯ ಐಬುಗಳಾದರೂ ತಮಗೆ ಗೊತ್ತಿವೆ ಎಂದರು.

ಹೆರಿಗೆಗೆ ಎರಡು ವಾರ ಮೊದಲು ದಂಪತಿ ಊರು ಬಿಟ್ಟರು. ಹೆಂಡತಿ ಮೊನ್ನೆ ಫೋನಿನಲ್ಲಿ ತಿಳಿಸಿದಂತೆ ಮೊಮ್ಮಗಳು ಆರೋಗ್ಯವಾಗಿದ್ದಾಳೆ, ಹೊಸ ಮನೆಯ ಗೋಡೆಗಳ ಮೇಲೆ ಈವರೆಗೆ ಪೆನ್ಸಿಲಿನ ಏಳು ತಾರೀಖುಗಳಿವೆ.